ಕೋಟೆಯಿಂದ ಚಾಮರಾಜಪೇಟೆಗೆ: ಒಂದು ಚರ್ಚು ಜಾಗ ಬದಲಿಸಿದ ಕತೆ

ಅಕ್ಕನ ಹೆರಿಗೆಗೆಂದು ವಾಣಿವಿಲಾಸ ಆಸ್ಪತ್ರೆಯ ಹೊರಗೆ ಮೂರು ರಾತ್ರಿ ಕಳೆದಿದ್ದೆ. ಕನಕಪುರದಿಂದ ಬರೆದುಕೊಟ್ಟ ಚೀಟಿ ಹಿಡಿದು ಬಂದಿದ್ದೆವು. ಅಮ್ಮ ಒಳಗೆ, ಭಾವ ಔಷಧಿ ಅಂಗಡಿಗೂ ವಾರ್ಡಿಗೂ ಓಡಾಟದಲ್ಲಿ, ನಾನು ಹೊರಗೆ ಬ್ಯಾಗು ಕಾಯುತ್ತಾ. ಎರಡನೇ ರಾತ್ರಿ ಪಕ್ಕದಲ್ಲಿ ಚಾಪೆ ಹಾಸಿಕೊಂಡಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಚಾಮರಾಜಪೇಟೆಯವರು, ಮೊಮ್ಮಗಳ ಹೆರಿಗೆಗೆ ಬಂದಿದ್ದರು. ಮಾತಿನ ನಡುವೆ, ‘ಇಲ್ಲಿ ಹಿಂದೆ ನಮ್ಮ ಚರ್ಚಿತ್ತು ಕಣಪ್ಪ. ಆಸ್ಪತ್ರೆಗೆ ಜಾಗ ಬೇಕು ಅಂತ ತೆಗೆದರು. ಆಮೇಲೆ ನಮ್ಮ ಪೇಟೆಗೆ ಬಂತು’ ಅಂದರು. ಗುಡಿ ಸ್ಥಳಾಂತರ ಆದದ್ದು ಕೇಳಿದ್ದೆ, ಚರ್ಚು ಜಾಗ ಬದಲಿಸಿದ್ದು ಅವತ್ತೇ ಮೊದಲು ಕೇಳಿದ್ದು.

ಬೆಳಗ್ಗೆ ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ಆ ಗಡಿಬಿಡಿಯಲ್ಲಿ ಹಿರಿಯರ ಮಾತು ಮರೆತೇಹೋಯಿತು. ಮತ್ತೆ ನೆನಪಾದದ್ದು ಎರಡು ವರ್ಷದ ನಂತರ. ನಮ್ಮ ಕಡೆ ರಸ್ತೆ ಅಗಲ ಮಾಡುವಾಗ ಒಂದು ಮುನೇಶ್ವರನ ಗುಡಿ ಅಡ್ಡ ಬಂತು. ಗುಡಿ ತೆಗೆಯುತ್ತಾರೆ ಎಂಬ ಸುದ್ದಿ ಬರೆಯಲು ಹೋದಾಗ ಊರಿನ ಹೆಂಗಸೊಬ್ಬರು ನನ್ನನ್ನೇ ಕೇಳಿದರು: ‘ತೆಗೀಲಿ ಬಿಡಣ್ಣ, ರಸ್ತೆ ನಮಗೂ ಬೇಕು. ಆದರೆ ಅವನನ್ನ ಎಲ್ಲಿ ಕೂರಿಸ್ತಾರೆ? ಅದನ್ನ ಯಾರಾದ್ರೂ ಬರೆದುಕೊಟ್ಟವ್ರಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದೆ ಹೀಗೆ ತೆಗೆದಾಗ ಏನು ಮಾಡಿದ್ದರು ಎಂದು ಯೋಚಿಸುವಾಗ ಆ ಕೋಟೆ ಚರ್ಚು ನೆನಪಿಗೆ ಬಂತು. ಅದರ ಕತೆಯೇ ಈ ಬರಹ.

ಯುದ್ಧದ ಹಿಂದೆ ಬಂದ ಚರ್ಚು

ಬೆಂಗಳೂರಿನ ಚರ್ಚು ಎಂದರೆ ನಮಗೆಲ್ಲ ಕಂಟೋನ್ಮೆಂಟೇ ನೆನಪಾಗುವುದು. ಎಂ.ಜಿ. ರಸ್ತೆ ಪಕ್ಕದ ಸೇಂಟ್ ಮಾರ್ಕ್ಸ್, ಆ ರಸ್ತೆಯ ತುದಿಯ ಹೋಲಿ ಟ್ರಿನಿಟಿ. ಆದರೆ ಕಂಟೋನ್ಮೆಂಟು ಶುರುವಾದದ್ದು 1809ರಲ್ಲಿ. ಅದಕ್ಕೂ ಮೊದಲೇ ಇಂಗ್ಲಿಷರ ಪಡೆ ಬೆಂಗಳೂರಿಗೆ ಬಂದಾಗಿತ್ತು, ಅದು ಇದ್ದದ್ದು ಇಂದಿನ ಕೆ.ಆರ್. ಮಾರ್ಕೆಟ್ ಪಕ್ಕದ ಕೋಟೆಯಲ್ಲಿ.

ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿದ್ದು, ಹೈದರಾಲಿ 1761ರ ಹೊತ್ತಿಗೆ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಲು ತೊಡಗಿದ್ದು ಶಾಲೆಯ ಪುಸ್ತಕದಲ್ಲೇ ಇದೆ. ಮೂರನೇ ಮೈಸೂರು ಯುದ್ಧದಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ಸೈನ್ಯ 1791ರ ಮಾರ್ಚ್ 7ರಂದು ಪೇಟೆಯನ್ನು, ಮಾರ್ಚ್ 21ರ ರಾತ್ರಿ ಕೋಟೆಯನ್ನು ಹಿಡಿಯಿತು. ಕೋಟೆ ಕಾಯುತ್ತಿದ್ದ ಕಿಲ್ಲೇದಾರ್ ಬಹದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಎರಡೂ ಕಡೆ ಹೆಣಗಳು ಬಿದ್ದವು. ಸತ್ತ ಇಂಗ್ಲಿಷ್ ಅಧಿಕಾರಿಗಳನ್ನು ಕೋಟೆಯ ಬಳಿಯೇ ಹೂಳಿದರು. ಸೈನ್ಯದ ಜೊತೆಗೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಆ ಸಮಾಧಿಗಳ ಚಿತ್ರ ಬರೆದ. ಅವನ ಚಿತ್ರಗಳ ಪುಸ್ತಕ 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇಂದು ಆ ಸಮಾಧಿಗಳ ಗುರುತು ನೆಲದ ಮೇಲೆ ಉಳಿದಿಲ್ಲ. ಆ ಚಿತ್ರ ಉಳಿದಿದೆ.

1792ರ ಒಪ್ಪಂದದಂತೆ ಕೋಟೆ ಮತ್ತೆ ಟಿಪ್ಪುವಿನ ಕೈಗೆ ಹೋಯಿತು. 1799ರಲ್ಲಿ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಸತ್ತ ಮೇಲೆ ಕಂಪನಿಯ ಸಿಪಾಯಿಗಳು ಬೆಂಗಳೂರು ಕೋಟೆಯಲ್ಲಿ ಬಂದು ನೆಲೆ ನಿಂತರು. ಅವರಿಗಾಗಿ 19ನೇ ಶತಮಾನದ ಮೊದಲ ವರ್ಷಗಳಲ್ಲಿ ಕೋಟೆಯೊಳಗೆ ಹುಟ್ಟಿಕೊಂಡದ್ದೇ ಫೋರ್ಟ್ ಚರ್ಚ್. ಜನ ಅದನ್ನು ಡ್ರಮ್ಮರ್ಸ್ ಚಾಪೆಲ್ ಎಂದೂ ಕರೆಯುತ್ತಿದ್ದರು. ಡ್ರಮ್ಮರ್ ಎಂದರೆ ಪಡೆಯ ಮುಂದೆ ನಗಾರಿ ಬಾರಿಸುವವನು. ಹೆಸರೇ ಹೇಳುವಂತೆ ಅದು ದಂಡಿನವರ ಚರ್ಚು.

ಅದು ಆಂಗ್ಲಿಕನ್ ಚರ್ಚು. ಇಂಗ್ಲೆಂಡಿನ ಸರ್ಕಾರವೇ ಒಪ್ಪಿ ನಡೆಸುತ್ತಿದ್ದ ಸಭೆ ಅದು. ಪೋಪರಿಗೆ ಅಧೀನವಲ್ಲ, ಆದರೆ ಬಿಷಪ್ಪರು ಇರುತ್ತಾರೆ, ಪ್ರಾರ್ಥನೆಗಳನ್ನು ಬರೆದಿಟ್ಟ ಪುಸ್ತಕ ಇರುತ್ತದೆ. ಕಂಪನಿ ಪಡೆಗೆ ಬಂದೂಕು, ಬಟ್ಟೆ, ವೈದ್ಯ ಇದ್ದ ಹಾಗೆಯೇ ಒಬ್ಬ ಪಾದ್ರಿಯೂ ಇರುತ್ತಿದ್ದ. ಚಾಪ್ಲೇನ್ ಎಂದು ಅವನ ಹುದ್ದೆ. ಸಂಬಳ ಕಂಪನಿಯದು. ಸಿಪಾಯಿಗಳ ಮದುವೆ, ಮಕ್ಕಳ ದೀಕ್ಷಾಸ್ನಾನ, ಸತ್ತವರ ಸಂಸ್ಕಾರ ಅವನ ಕೆಲಸ. ಊರಿನವರಿಗೆ ಬೋಧಿಸುವುದು ಅವನ ಕೆಲಸವಾಗಿರಲಿಲ್ಲ. ಹಾಗಾಗಿ ಕೋಟೆ ಚರ್ಚು ಪೇಟೆಯ ಪಕ್ಕದಲ್ಲೇ ಇದ್ದರೂ ಪೇಟೆಯ ಜನಕ್ಕೂ ಅದಕ್ಕೂ ಸಂಬಂಧ ಕಡಿಮೆ.

ಪೇಟೆಯ ಕನ್ನಡ ಸಭೆಗಳು ಬೇರೆ

ಕನ್ನಡದಲ್ಲಿ ಬೋಧಿಸಿದವರು ಆಂಗ್ಲಿಕನ್ನರಲ್ಲ, ಬೇರೆ ಮಿಷನ್ನುಗಳು. ಲಂಡನ್ ಮಿಷನ್ ಬೆಂಗಳೂರಿಗೆ ಬಂದದ್ದು 1820ರಲ್ಲಿ. ಆ ಮಿಷನ್ನಿನ ಬೆಂಜಮಿನ್ ರೈಸ್ ಪೇಟೆಯಲ್ಲಿ ದಶಕಗಳ ಕಾಲ ಕನ್ನಡ ಶಾಲೆ ಮತ್ತು ಸಭೆ ನಡೆಸಿದರು. ಅವರ ಹೆಸರಿನ ರೈಸ್ ಮೆಮೋರಿಯಲ್ ಚರ್ಚು ಅವೆನ್ಯೂ ರಸ್ತೆಯ ಅಂಗಡಿಗಳ ನಡುವೆ ಈಗಲೂ ಇದೆ. ಸಾವಿರಾರು ಶಾಸನಗಳನ್ನು ಓದಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ಹೊರತಂದ ಬಿ.ಎಲ್. ರೈಸ್ ಇವರ ಮಗ. ಇನ್ನೊಂದು, ವೆಸ್ಲಿಯನ್ ಮಿಷನ್. ಆ ಮಿಷನ್ನಿನ ಜೊಸಾಯ ಹಡ್ಸನ್ ಕನ್ನಡ ಶಿಕ್ಷಣಕ್ಕೆ ದುಡಿದರು. ಅವರ ನೆನಪಿನ ಚರ್ಚು 1904ರಲ್ಲಿ ತೆರೆಯಿತು. ಕಾರ್ಪೊರೇಷನ್ ಕಚೇರಿ ಎದುರಿನ ಹಡ್ಸನ್ ಸರ್ಕಲ್ ಎಂದು ಬಸ್ಸಿನವರು ಕೂಗುವುದು ಇದೇ ಹಡ್ಸನ್ನರ ಹೆಸರನ್ನು.

ಆಂಗ್ಲಿಕನ್ನರ ಊರುಕಡೆಯ ಕೆಲಸ ಹೆಚ್ಚಾಗಿ ಕಂಟೋನ್ಮೆಂಟಿನ ತಮಿಳರ ನಡುವೆ ನಡೆಯಿತು. ಹೀಗೆ ಪ್ರಾಟೆಸ್ಟೆಂಟರಲ್ಲೇ ಒಂದು ಗಡಿ ಬಿದ್ದಿತ್ತು. ಕಂಟೋನ್ಮೆಂಟಿನಲ್ಲಿ ಇಂಗ್ಲಿಷ್ ಮತ್ತು ತಮಿಳಿನ ಆಂಗ್ಲಿಕನ್ ಸಭೆಗಳು, ಪೇಟೆಯಲ್ಲಿ ಕನ್ನಡದ ಲಂಡನ್ ಮಿಷನ್ ಮತ್ತು ವೆಸ್ಲಿಯನ್ ಸಭೆಗಳು. ಕೋಟೆ ಚರ್ಚು ಮಾತ್ರ ಪೇಟೆಯ ಮಗ್ಗುಲಲ್ಲಿದ್ದ ಆಂಗ್ಲಿಕನ್ ದ್ವೀಪ.

ದಂಡು ಹೋಯಿತು, ಚರ್ಚು ಉಳಿಯಿತು

ಕೋಟೆ ಬಹುಕಾಲ ಗದ್ದಲದ ಜಾಗವಾಗಿತ್ತು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಾವೇ ವಹಿಸಿಕೊಂಡಾಗ ಸರ್ಕಾರದ ಕಚೇರಿಗಳು ಕೋಟೆಯೊಳಗಿನ ಟಿಪ್ಪು ಅರಮನೆಗೆ ಬಂದವು. 1868ರಲ್ಲಿ ಕಬ್ಬನ್ ಪಾರ್ಕಿನ ಅಠಾರಾ ಕಚೇರಿ ತಯಾರಾಗುವವರೆಗೆ ಅಲ್ಲಿಯೇ ಇದ್ದವು. ಮದ್ದುಗುಂಡಿನ ಆರ್ಸೆನಲ್ ಕೂಡ ಕೋಟೆಯಲ್ಲೇ ಇತ್ತು.

ಆಮೇಲೆ ಒಂದೊಂದೇ ಖಾಲಿಯಾಗುತ್ತಾ ಬಂತು. ಮೊದಲು ಕಚೇರಿಗಳು ಹೋದವು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. 1880ರ ದಶಕ ಮುಗಿಯುವ ಹೊತ್ತಿಗೆ ಕೋಟೆಯೂ ಮೈಸೂರು ಸರ್ಕಾರದ ವಶವಾಯಿತು. ದಂಡಿಗಾಗಿ ಕಟ್ಟಿದ ಚರ್ಚು ನಿಂತೇ ಇತ್ತು, ದಂಡು ಮಾತ್ರ ಕಂಟೋನ್ಮೆಂಟು ಸೇರಿತ್ತು.

ಸರ್ಕಾರ ಕೋಟೆಯ ಜಾಗವನ್ನು ಬೇರೆ ಕೆಲಸಕ್ಕೆ ಬಳಸತೊಡಗಿತು. ಗೋಡೆಗಳನ್ನು ಒಡೆದು ರಸ್ತೆ ಮಾಡಿದರು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಆಮೇಲೆ ಮಿಂಟೋ ಕಣ್ಣಿನ ಆಸ್ಪತ್ರೆಯ ಕಟ್ಟಡ ಬಂತು. 1928ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದಿತು. ನಮ್ಮ ಕಡೆಯ ಬಸ್ಸುಗಳು ಬನಶಂಕರಿ, ಜಯನಗರದ ಅಂಚು ದಾಟಿ ಬಂದು ನಿಲ್ಲುವ ಈ ಸುತ್ತಮುತ್ತಲು ಹೀಗೆ ಸಂತೆ ಮತ್ತು ಆಸ್ಪತ್ರೆಗಳ ಜಾಗವಾಯಿತು. ಉಳಿದದ್ದು ದೆಹಲಿ ಬಾಗಿಲ ಭಾಗದ ಸ್ವಲ್ಪ ಕೋಟೆ, ಟಿಪ್ಪು ಅರಮನೆಯ ಒಂದು ಭಾಗ, ಅದರ ಪಕ್ಕದ ಕೋಟೆ ವೆಂಕಟರಮಣ ಗುಡಿ.

ಇದೇ ಹೊತ್ತಿನಲ್ಲಿ ಕೋಟೆಯ ಆಚೆ ಹೊಸ ಊರು ಹುಟ್ಟುತ್ತಿತ್ತು. 1892ರಲ್ಲಿ ಚಾಮರಾಜಪೇಟೆಯನ್ನು ಐದು ಮುಖ್ಯರಸ್ತೆಗಳ ನಕ್ಷೆ ಹಾಕಿ ಮಾಡಿದರು. ಹತ್ತನೇ ಚಾಮರಾಜ ಒಡೆಯರ ಹೆಸರಿಟ್ಟರು. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನ ಓಣಿಗಳನ್ನು ಬಿಟ್ಟು ಜನ ಓಡಿದರು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಆಗಲೇ. ಇಂದು ದಕ್ಷಿಣ ಬೆಂಗಳೂರು ಎಂದು ಕರೆಯುವ ಬಡಾವಣೆಗಳ ಸಾಲಿಗೆ ಮೊದಲ ಗೂಟ ಹೊಡೆದದ್ದು ಚಾಮರಾಜಪೇಟೆಯಲ್ಲಿ. ಜಯನಗರಕ್ಕೆ ಅಡಿಗಲ್ಲು ಬೀಳುವುದಕ್ಕೆ ಇನ್ನೂ ಐವತ್ತು ವರ್ಷಕ್ಕೂ ಹೆಚ್ಚು ಕಾಯಬೇಕಿತ್ತು.

1935ರ ಅದಲುಬದಲು

1930ರ ದಶಕದಲ್ಲಿ ಹೆಂಗಸರಿಗೂ ಮಕ್ಕಳಿಗೂ ದೊಡ್ಡ ಆಸ್ಪತ್ರೆ ಕಟ್ಟಬೇಕೆಂದು ಸರ್ಕಾರ ಹೊರಟಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಮಿರ್ಜಾ ಇಸ್ಮಾಯಿಲ್ ದಿವಾನರು. ಮಗ ದೊಡ್ಡವನಾಗುವವರೆಗೆ ರೀಜೆಂಟ್ ಆಗಿ ರಾಜ್ಯ ನಡೆಸಿದ್ದ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಆಸ್ಪತ್ರೆಗೆ ಇಟ್ಟರು. ಬೇಕಾಗಿದ್ದ ಜಾಗದಲ್ಲಿ ಕೋಟೆ ಚರ್ಚಿತ್ತು.

ಸರ್ಕಾರ ಚರ್ಚನ್ನು ತೆಗೆಯಿತು. ಬದಲಿಗೆ ಚಾಮರಾಜಪೇಟೆಯಲ್ಲಿ ಜಾಗ ಕೊಟ್ಟು ಹೊಸ ಚರ್ಚು ಕಟ್ಟಿಸಿಕೊಟ್ಟಿತು. 1935ರಲ್ಲಿ ವಾಣಿವಿಲಾಸ ಆಸ್ಪತ್ರೆಯೂ ತೆರೆಯಿತು, ಹೊಸ ಚರ್ಚಿನ ಪ್ರತಿಷ್ಠೆಯೂ ಆಯಿತು. ಹೊಸ ಚರ್ಚಿಗೆ ಸೇಂಟ್ ಲ್ಯೂಕ್ಸ್ ಎಂದು ಹೆಸರು. ಕನ್ನಡ ಬೈಬಲ್ಲಿನಲ್ಲಿ ಲೂಕ ಎಂದು ಕರೆಯುವುದು ಇವನನ್ನೇ. ಲೂಕ ವೃತ್ತಿಯಲ್ಲಿ ವೈದ್ಯ. ಆಸ್ಪತ್ರೆಗೆ ಜಾಗ ಬಿಟ್ಟುಕೊಟ್ಟ ಚರ್ಚಿಗೆ ವೈದ್ಯನ ಹೆಸರು ಬಂತು.

ಇದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಒಂದು ಸಂಗತಿ. ಹಿಂದೂ ಮಹಾರಾಜರ, ಮುಸ್ಲಿಂ ದಿವಾನರ ಸರ್ಕಾರ ಅದು. ತನ್ನ ಕೋಟೆಯನ್ನು ಗೆದ್ದವರು ಕಟ್ಟಿಕೊಂಡಿದ್ದ ಚರ್ಚು. ದಂಡು ಹೇಗೂ ಹೋಗಿತ್ತು, ಬಂದು ಹೋಗುತ್ತಿದ್ದವರು ದೊಡ್ಡ ಸಂಖ್ಯೆಯವರಲ್ಲ. ಪರಿಹಾರದ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ, ಇದ್ದದ್ದಕ್ಕೆ ಬದಲಾಗಿ ಇನ್ನೊಂದನ್ನು, ನಡೆದು ಹೋಗಬಹುದಾದಷ್ಟು ಹತ್ತಿರದಲ್ಲೇ ಕೊಟ್ಟಿತು. ವಾಣಿವಿಲಾಸದಿಂದ ಪಂಪ ಮಹಾಕವಿ ರಸ್ತೆಯ ಸೇಂಟ್ ಲ್ಯೂಕ್ಸಿಗೆ ನಾನೇ ನಡೆದು ನೋಡಿದ್ದೇನೆ. ಮಾರ್ಕೆಟ್ಟಿನ ಗಲಾಟೆ ದಾಟಿದರೆ ಹದಿನೈದು ನಿಮಿಷದ ದಾರಿ.

ಹೊಸ ಜಾಗದಲ್ಲಿ ಅಕ್ಕಪಕ್ಕದವರೂ ಬದಲಾದರು. ಕೋಟೆಯೊಳಗೆ ಚರ್ಚಿನ ನೆರೆ ಎಂದರೆ ಆರ್ಸೆನಲ್ಲು, ಕಾವಲು. ಚಾಮರಾಜಪೇಟೆಯಲ್ಲಿ ಅದೇ ರಸ್ತೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಇದೆ. 1938ರಲ್ಲಿ ಆರ್. ಕಲ್ಯಾಣಮ್ಮ ಶುರುಮಾಡಿದ ಮಕ್ಕಳ ಕೂಟ ಹತ್ತಿರದಲ್ಲೇ ಇದೆ. ನಗಾರಿಯವರ ಚರ್ಚು ಬಡಾವಣೆಯ ಚರ್ಚಾಯಿತು. ದಂಡಿನ ಆರ್ಡರಿನಿಂದ ಅಲ್ಲ, ಮನೆಯಿಂದ ನಡೆದು ಬರುವವರಿಂದ ಅದು ನಡೆಯಬೇಕಾಯಿತು.

ಆಂಗ್ಲಿಕನ್ ಸಭೆಯೂ ಆಗ ಬದಲಾಗುತ್ತಿತ್ತು. 1930ರಲ್ಲಿ ಭಾರತದ ಆಂಗ್ಲಿಕನ್ ಸಭೆ ಇಂಗ್ಲೆಂಡಿನ ಸಭೆಯಿಂದ ಕಾನೂನು ಪ್ರಕಾರ ಬೇರೆಯಾಗಿ ತನ್ನ ಆಡಳಿತ ತಾನೇ ನೋಡಿಕೊಳ್ಳತೊಡಗಿತ್ತು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ದಕ್ಷಿಣ ಇಂಡಿಯಾ ಸಭೆ, ಅಂದರೆ ಸಿ.ಎಸ್.ಐ. ಹುಟ್ಟಿತು. ದಕ್ಷಿಣದ ಆಂಗ್ಲಿಕನ್ನರು, ಮೆಥೋಡಿಸ್ಟರು, ಲಂಡನ್ ಮಿಷನ್ ಮೊದಲಾದವರ ಸಭೆಗಳು ಆಗಲೇ ಸೇರಿ ಮಾಡಿಕೊಂಡಿದ್ದ ಒಕ್ಕೂಟ, ಎಲ್ಲ ಒಂದಾದವು. ಸ್ವಾತಂತ್ರ್ಯ ಬಂದು ಆರು ವಾರ ಕಳೆದಿತ್ತಷ್ಟೆ. ಬಿಷಪ್ಪರನ್ನು ಒಪ್ಪುವವರೂ ಒಪ್ಪದವರೂ ಹೀಗೆ ಒಂದೇ ಸಭೆಯಾದದ್ದನ್ನು ಪ್ರಪಂಚದ ಬೇರೆ ಕಡೆಯ ಕ್ರೈಸ್ತರೂ ಬೆರಗಿನಿಂದ ನೋಡಿದರು.

ಬೆಂಗಳೂರಿನ ಮಟ್ಟಿಗೆ ಇದರ ಅರ್ಥ ಸರಳ. ಅವೆನ್ಯೂ ರಸ್ತೆಯ ರೈಸ್ ಚರ್ಚು, ಹಡ್ಸನ್ ಚರ್ಚು, ಚಾಮರಾಜಪೇಟೆಯ ಸೇಂಟ್ ಲ್ಯೂಕ್ಸ್ ಒಂದೇ ಮನೆಯವಾದವು. ಪೇಟೆ ಮತ್ತು ಕೋಟೆಯ ನಡುವೆ ನೂರು ವರ್ಷಕ್ಕೂ ಮೇಲೆ ಇದ್ದ ಗಡಿ ಅಳಿಯಿತು. 1970ರಲ್ಲಿ ಮೈಸೂರು ಡಯಾಸಿಸ್ ಮೂರು ಭಾಗವಾದಾಗ ಇವೆಲ್ಲ ಕರ್ನಾಟಕ ಕೇಂದ್ರ ಡಯಾಸಿಸ್ಸಿಗೆ ಬಂದವು.

ಉಳಿಯದ ಕಲ್ಲು

ಇದೇ ಯುದ್ಧದ ಇನ್ನೊಂದು ಗುರುತಿಗೆ ಬೇರೆ ಗತಿ ಬಂತು. ಇಂದು ಕಾರ್ಪೊರೇಷನ್ ಕಚೇರಿ ಇರುವ ಕಡೆ ಮೈಸೂರು ಯುದ್ಧಗಳಲ್ಲಿ ಸತ್ತ ಇಂಗ್ಲಿಷರ ಕಡೆಯವರ ನೆನಪಿಗೆ ಎತ್ತರದ ಕಲ್ಲಿನ ಸ್ಮಾರಕ ಇತ್ತು. ಸೆನೊಟಾಫ್ ಎನ್ನುತ್ತಿದ್ದರು. ಅಲ್ಲಿಂದ ಹೋಗುವ ರಸ್ತೆಗೆ ಸೆನೊಟಾಫ್ ರಸ್ತೆ ಎಂದೇ ಹೆಸರು. ನಮ್ಮ ನೆಲ ಗೆದ್ದವರ ಸ್ಮಾರಕ ನಮಗೇಕೆ ಎಂಬ ಕೂಗೆದ್ದು 1964ರಲ್ಲಿ ಅದನ್ನು ಕೆಡವಿದರು. ರಸ್ತೆ ನೃಪತುಂಗ ರಸ್ತೆಯಾಯಿತು.

ಕೂಗಿದವರ ಮೇಲೆ ನನಗೆ ಆಕ್ಷೇಪವಿಲ್ಲ. ಕಿಲ್ಲೇದಾರ್ ಬಹದ್ದೂರ್ ಖಾನ್‌ಗೆ ಅಷ್ಟೆತ್ತರದ ಕಲ್ಲು ಯಾರೂ ನಿಲ್ಲಿಸಿರಲಿಲ್ಲ. ಆದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಒಂದು ಮಾತು ತಿಳಿಯುತ್ತದೆ. ಸ್ಮಾರಕವೂ ಚರ್ಚೂ ಒಂದೇ ಗೆಲುವಿನ ಮಕ್ಕಳು. ಸ್ಮಾರಕಕ್ಕೆ 1964ರ ಹೊತ್ತಿಗೆ ತನ್ನವರು ಎಂಬ ಜನ ಊರಲ್ಲಿ ಉಳಿದಿರಲಿಲ್ಲ. ಚರ್ಚಿಗೆ ಇದ್ದರು. ಅದರೊಳಗೆ ಮದುವೆಯಾದವರು, ಮಗುವಿಗೆ ಹೆಸರಿಟ್ಟವರು, ಅಪ್ಪನನ್ನು ಮಣ್ಣು ಮಾಡಿ ಬಂದು ಕೂತವರು ಇದ್ದರು. ಕಟ್ಟಿಸಿದವರು ಯಾರು ಎಂಬುದು ಅವರಿಗೆ ಹಳೆಯ ಮಾತಾಗಿತ್ತು. ಕಟ್ಟಡದ ಹುಟ್ಟನ್ನು ಕೇಳುವಾಗ, ಈಗ ಅದರೊಳಗೆ ಯಾರಿದ್ದಾರೆ ಎಂದೂ ಕೇಳಬೇಕು.

ಇಂಥ ಅದಲುಬದಲು ಯಾವಾಗಲೂ ಸಲೀಸಾಗಿ ಆಗುವುದಿಲ್ಲ. ರಿಚ್ಮಂಡ್ ಟೌನಿನಲ್ಲಿ 1870ರಲ್ಲಿ ಪ್ರತಿಷ್ಠೆಯಾದ ಆಲ್ ಸೇಂಟ್ಸ್ ಚರ್ಚಿದೆ. ರಾಬರ್ಟ್ ಚಿಶೋಮ್ ಎಂಬ ಹೆಸರಾಂತ ವಾಸ್ತುಶಿಲ್ಪಿ ನಕ್ಷೆ ಮಾಡಿದ್ದು. ಅದೂ ಆಂಗ್ಲಿಕನ್ನರು ಕಟ್ಟಿದ್ದೇ. ಕೆಲವು ವರ್ಷದ ಹಿಂದೆ ಮೆಟ್ರೋ ನಿಲ್ದಾಣಕ್ಕೆ ಅದರ ಹಿತ್ತಿಲ ಜಾಗ ಬೇಕೆಂದಾಗ, ಹಳೆಯ ಮರಗಳು ಹೋಗುತ್ತವೆಂದು ಸಭೆಯವರು ಬೀದಿಗೆ ಬಂದರು. ಮೆಟ್ರೋಗೆ ಸಾಲ ಕೊಟ್ಟಿದ್ದ ಯುರೋಪಿನ ಬ್ಯಾಂಕಿನವರೆಗೂ ದೂರು ಹೋಯಿತು. ಅಲ್ಲಿಯೂ ಜನ ಮೆಟ್ರೋ ಬೇಡ ಎನ್ನಲಿಲ್ಲ. ನಮ್ಮನ್ನು ಕೇಳದೆ ನಕ್ಷೆ ಹಾಕಬೇಡಿ ಎಂದರು.

ನಮ್ಮೂರಿನ ಮುನೇಶ್ವರ

ಸೇಂಟ್ ಲ್ಯೂಕ್ಸ್ ನೋಡಿಕೊಂಡು ಬಂದ ವಾರ ಮತ್ತೆ ಆ ಗುಡಿಯ ಹತ್ತಿರ ಹೋದೆ. ನನ್ನನ್ನು ಪ್ರಶ್ನೆ ಕೇಳಿದ್ದ ಆ ಅಕ್ಕನಿಗೆ ಈ ಕತೆ ಹೇಳಿದೆ. ಚರ್ಚಿನ ಕತೆ ತನಗೆ ಯಾಕೆ ಎನ್ನುತ್ತಾರೇನೋ ಅಂದುಕೊಂಡಿದ್ದೆ. ಅವರು ಪೂರ್ತಿ ಕೇಳಿ, ‘ಅಂದ್ರೆ ಆಗಲೇ ಹಂಗೆ ಮಾಡವ್ರೆ. ಹಂಗಾದ್ರೆ ಈಗಲೂ ಆಗಬೇಕಲ್ಲ’ ಅಂದರು. ಊರಿನವರು ಅದನ್ನೇ ಮನವಿಯಲ್ಲಿ ಬರೆದರು: ಗುಡಿ ತೆಗೆಯಲು ನಮ್ಮ ತಕರಾರಿಲ್ಲ, ಹತ್ತಿರದಲ್ಲೇ ಜಾಗ ಕೊಟ್ಟು ಕಟ್ಟಿಸಿಕೊಡಿ, ಅದನ್ನು ಕಾಗದದಲ್ಲಿ ಕೊಡಿ. ನಾನು ಸುದ್ದಿ ಕಳಿಸಿದೆ. ನಾಲ್ಕು ಸಾಲಿಗೆ ಇಳಿಸಿ ಹಾಕಿದರು. ಮನವಿ ಇನ್ನೂ ಕಡತದಲ್ಲಿದೆ, ಗುಡಿ ಇನ್ನೂ ಅಲ್ಲೇ ಇದೆ.

ಇಲ್ಲಿ ಬರೆಯುವ ನಾವೆಲ್ಲ ಹೆಚ್ಚುಕಡಿಮೆ ಇದೇ ಕೆಲಸದವರು. ರಸ್ತೆ, ಕೆರೆ, ಕಾಲುವೆ, ಬಡಾವಣೆ ಎಂದು ಯಾವುದಾದರೂ ತಾಲ್ಲೂಕಿನಲ್ಲಿ ಒಂದು ಗುಡಿಯೋ ದರ್ಗಾವೋ ಚರ್ಚೋ ಅಡ್ಡ ಬಂದೇ ಬರುತ್ತದೆ. ಆಗ ‘ವಿರೋಧ’, ‘ಉದ್ವಿಗ್ನ’ ಎಂಬ ತಲೆಬರಹ ಬೇಗ ಸಿಗುತ್ತದೆ. ಅದರ ಜೊತೆ ಮೂರು ಪ್ರಶ್ನೆ ಸೇರಿಸೋಣ. ಬದಲಿ ಜಾಗ ಎಲ್ಲಿ? ಕಟ್ಟಿಕೊಡುವವರು ಯಾರು? ಬರೆದುಕೊಟ್ಟಿದ್ದಾರೆಯೇ?

ಅಕ್ಕನ ಮಗಳಿಗೆ ಈಗ ಶಾಲೆಗೆ ಹೋಗುವ ವಯಸ್ಸು. ಬೆಂಗಳೂರಿಗೆ ಬಂದಾಗೆಲ್ಲ ಕಳಾಸಿಪಾಳ್ಯದಲ್ಲಿ ಇಳಿದು ವಾಣಿವಿಲಾಸದ ಮುಂದೆ ಹಾದುಹೋಗುವಾಗ, ‘ನಾನು ಹುಟ್ಟಿದ್ದು ಇಲ್ಲೇ ಅಲ್ವಾ ಮಾಮ’ ಎನ್ನುತ್ತಾಳೆ. ಹೌದು ಎನ್ನುತ್ತೇನೆ. ಮೊನ್ನೆ ಮಾತ್ರ, ಅದಕ್ಕೂ ಮೊದಲು ಇಲ್ಲಿ ಒಂದು ಚರ್ಚಿತ್ತು, ಅದು ಈಗ ಪಕ್ಕದ ಪೇಟೆಯಲ್ಲಿದೆ ಎಂದೂ ಹೇಳಿದೆ. ‘ಅದೂ ಮನೆ ಬದಲಾಯಿಸ್ತಾ?’ ಎಂದು ಕೇಳಿದಳು.